ಹೋಬಳಿಯಿಂದ ಹೊರಡಬೇಕಾದ ಪತ್ರಿಕೆ

ಹುಟ್ಟಿನ ಕಾರಣಕ್ಕೆ ಭೂಮಿ, ವಿದ್ಯೆ, ಅಧಿಕಾರ ಮತ್ತು ಮರ್ಯಾದೆಗಳಿಂದ ದೂರ ಉಳಿದವರಿಗೆ ಅವುಗಳಲ್ಲಿ ಸಲ್ಲಬೇಕಾದ ಪಾಲನ್ನು ಸಲ್ಲಿಸುವುದನ್ನು ಸಾಮಾಜಿಕ ನ್ಯಾಯ ಎಂದು ಸ್ಥೂಲವಾಗಿ ಕರೆಯಬಹುದು. ಸಂವಿಧಾನದ ಪ್ರಸ್ತಾವನೆಯು ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ನ್ಯಾಯಗಳಲ್ಲಿ ಸಾಮಾಜಿಕ ನ್ಯಾಯವನ್ನೇ ಮೊದಲು ಹೆಸರಿಸುತ್ತದೆ. ಈ ಒಂದು ಉದ್ದೇಶಕ್ಕೇ ಮೀಸಲಾದ ಪತ್ರಿಕೆಯನ್ನು ಹೊರಡಿಸುವ ಪ್ರಯತ್ನಗಳು ಕರ್ನಾಟಕದಲ್ಲಿ ನೂರು ವರ್ಷಗಳಿಂದ ಬೇರೆ ಬೇರೆ ರೂಪದಲ್ಲಿ ನಡೆದಿವೆ. ಕೆಲವು ಪತ್ರಿಕೆಗಳು ನಾಡಿನ ವಿಚಾರದ ದಿಕ್ಕನ್ನೇ ಬದಲಿಸಿವೆ, ಹಲವು ನಾಲ್ಕಾರು ಸಂಚಿಕೆಗಳಲ್ಲಿ ನಿಂತುಹೋಗಿವೆ. ಇವುಗಳ ಏಳುಬೀಳುಗಳನ್ನು ಒಟ್ಟಾಗಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಇಂಥ ಪತ್ರಿಕೆಯ ಆಯುಷ್ಯವನ್ನು ಅದರ ಸಂಪಾದಕೀಯದ ತೀಕ್ಷ್ಣತೆಗಿಂತ ಹೆಚ್ಚಾಗಿ ಅದರ ಒಡೆತನ ಯಾರದು, ಅದಕ್ಕೆ ಸುದ್ದಿ ಬರೆಯುವವರು ಎಲ್ಲಿಯವರು, ಚಂದಾ ಕಟ್ಟುವವರು ಯಾರು ಎಂಬ ಮೂರು ಸಂಗತಿಗಳು ನಿರ್ಧರಿಸಿವೆ.

ಈ ವಿಷಯವನ್ನು ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗದ ನೆಲದಲ್ಲಿ ನಿಂತು ಪರಿಶೀಲಿಸುವುದಕ್ಕೆ ಬಲವಾದ ಕಾರಣವಿದೆ. ಹುಣಸೂರು ತಾಲ್ಲೂಕಿನ ಕಸಬಾ, ಬಿಳಿಕೆರೆ, ಗಾವಡಗೆರೆ, ಹನಗೋಡು ಎಂಬ ನಾಲ್ಕು ಹೋಬಳಿಗಳ ಜೊತೆಗೆ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳೂ ಸೇರುವ ಈ ಸೀಮೆಯಲ್ಲಿ ಕಾಲುವೆ ನೀರಿನ ಭತ್ತದ ಗದ್ದೆ, ಮಳೆಯಾಶ್ರಯದ ಹೊಗೆಸೊಪ್ಪಿನ ಹೊಲ, ನಾಗರಹೊಳೆಯ ಕಾಡಂಚಿನ ಆದಿವಾಸಿ ಹಾಡಿ, ಕಬಿನಿ ಜಲಾಶಯದ ಹಿನ್ನೀರು ಎಲ್ಲವೂ ಇವೆ. ಒಕ್ಕಲಿಗರು, ಲಿಂಗಾಯತರು, ಕುರುಬರು, ನಾಯಕರು, ದಲಿತರು, ಮುಸ್ಲಿಮರು, ಜೇನುಕುರುಬರು, ಬೆಟ್ಟಕುರುಬರು ಅಕ್ಕಪಕ್ಕದಲ್ಲಿ ಬದುಕುತ್ತಾರೆ. ಇದಕ್ಕಿಂತ ಮುಖ್ಯವಾಗಿ, ಕರ್ನಾಟಕದಲ್ಲಿ ಸಾಮಾಜಿಕ ನ್ಯಾಯವನ್ನು ಸರ್ಕಾರದ ಕಾರ್ಯಕ್ರಮವನ್ನಾಗಿ ಮಾಡಿದ ಡಿ. ದೇವರಾಜ ಅರಸು ಅವರು (1915–1982) ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಅದೇ ವರ್ಷ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಆಯೋಗವು 1975ರಲ್ಲಿ ವರದಿ ನೀಡಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ವಹಿಸಿ, ಉಳುವವನಿಗೆ ಒಡೆತನದ ಹಕ್ಕು ಕೊಡುವ ದಾರಿಯನ್ನು ತೆರೆಯಿತು.

ಆ ಕಾನೂನು ಕೆಲಸ ಮಾಡಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಪತ್ರಿಕೆಯ ಅಗತ್ಯ ಎಲ್ಲಿ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಗೇಣಿದಾರನು ತಾನು ಉಳುವ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಭೂಮಾಲೀಕನ ಹೆಸರು ಇವನ್ನು ನಮೂದಿಸಿ ನಮೂನೆ 7 ಎಂಬ ಅರ್ಜಿಯನ್ನು ತಾಲ್ಲೂಕಿನ ಭೂನ್ಯಾಯಮಂಡಳಿಗೆ ಸಲ್ಲಿಸಬೇಕಿತ್ತು. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿದ್ದು, ಸರ್ಕಾರ ನಾಮಕರಣ ಮಾಡಿದ ಸದಸ್ಯರು ಜೊತೆಗಿರುತ್ತಿದ್ದರು. ಬಡ ಗೇಣಿದಾರನು ವಕೀಲರ ಶುಲ್ಕಕ್ಕೆ ಅಂಜಿ ಹಿಂದೆ ಸರಿಯಬಾರದೆಂದು ಆರಂಭದಲ್ಲಿ ವಕೀಲರಿಗೆ ಅಲ್ಲಿ ವಾದಿಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ರಾಜ್ಯದಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಆದರೆ ವಕೀಲರಿಲ್ಲದ ಮಂಡಳಿಯ ಮುಂದೆ ನಿಲ್ಲಬೇಕಾದವನಿಗೆ ಕಾನೂನು ತಿಳಿಸಿಕೊಡುವವರು ಯಾರು? ಗೇಣಿಗೆ ರಸೀದಿಯನ್ನೇ ಕೊಡದ ಧಣಿಯ ಎದುರು ಸಾಕ್ಷಿಯಾಗಿ ಏನನ್ನು ತೋರಿಸಬೇಕು, ಪಹಣಿಯಲ್ಲಿ ತನ್ನ ಹೆಸರು ಇಲ್ಲದಿದ್ದರೆ ಅಕ್ಕಪಕ್ಕದ ಹೊಲದವರ ಹೇಳಿಕೆಗೆ ಬೆಲೆಯಿದೆಯೇ, ಅರ್ಜಿಯ ಕೊನೆಯ ದಿನ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಊರಿನಲ್ಲಿ ಜಮೀನು ದಕ್ಕುವ ಸಂಭವ ಹೆಚ್ಚಿತು, ಉತ್ತರ ಸಿಗದ ಊರಿನಲ್ಲಿ ಒಳ್ಳೆಯ ಕಾನೂನೂ ಕಾಗದದಲ್ಲೇ ಉಳಿಯುವ ಅಪಾಯವಿತ್ತು. ಕಾನೂನಿಗೂ ಅದರ ಫಲಾನುಭವಿಗೂ ನಡುವೆ ಇರುವ ಈ ಅಂತರವನ್ನು ತುಂಬುವುದೇ ಸಾಮಾಜಿಕ ನ್ಯಾಯದ ಪತ್ರಿಕೆಯ ಮೊದಲ ಕೆಲಸವಾಗಿದೆ.

ಮೈಸೂರು ಸೀಮೆಗೆ ಇಂಥ ಪತ್ರಿಕೆಗಳು ಹೊಸವಲ್ಲ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದ ಪ್ರಾಬಲ್ಯವಿದ್ದ ಕಾಲದಲ್ಲಿ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಇತರ ಸಮುದಾಯಗಳ ಸಂಘಗಳೂ ತಮ್ಮ ಬೇಡಿಕೆಗಳನ್ನು ಮುಂದಿಡಲು ಪತ್ರಿಕೆಗಳನ್ನು ನೆಚ್ಚಿಕೊಂಡವು. ಇದೇ ಬೇಡಿಕೆಗಳಿಗಾಗಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಸಂಘಟನೆ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. ಮಿಲ್ಲರ್ ಸಮಿತಿಯ ಶಿಫಾರಸುಗಳಿಂದ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ದೊರೆಯಲು ಆರಂಭವಾದದ್ದನ್ನು ಇಂದಿನ ಮೀಸಲಾತಿಯ ಪೂರ್ವರೂಪವೆಂದು ಇತಿಹಾಸಕಾರರು ಪರಿಗಣಿಸುತ್ತಾರೆ. ಜಾತಿ ಸಂಘಗಳ ಪತ್ರಿಕೆಗಳು ತಮ್ಮ ತಮ್ಮ ಸಮುದಾಯದ ವಿದ್ಯಾವಂತರಲ್ಲಿ ಎಚ್ಚರ ಮೂಡಿಸಿದ್ದು ನಿಜ. ತಮಗಿಂತ ಕೆಳಗೆ ತಳ್ಳಲ್ಪಟ್ಟವರ ಬಗ್ಗೆ ಅವು ಬರೆದದ್ದು ಕಡಿಮೆ ಎಂಬುದೂ ಅಷ್ಟೇ ನಿಜ, ಮತ್ತು ಆ ಕೊರತೆಯನ್ನು ಹೊಸ ಪತ್ರಿಕೆ ಕಟ್ಟುವವರು ನೆನಪಿನಲ್ಲಿಡಬೇಕು.

ನಂಜನಗೂಡಿನ ತಿರುಮಲಾಂಬ (1887–1982) ಅವರ ಸಾಹಸ ಇನ್ನೊಂದು ದಿಕ್ಕಿನದು. ಎಳೆವಯಸ್ಸಿನಲ್ಲೇ ವಿಧವೆಯಾದ ಅವರು 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ಕರ್ನಾಟಕ ನಂದಿನಿ ಮತ್ತು ಸನ್ಮಾರ್ಗದರ್ಶಿನಿ ಎಂಬ ಪತ್ರಿಕೆಗಳನ್ನು ತಾವೇ ಸಂಪಾದಿಸಿ ಹೊರಡಿಸಿದರು. ಶುಭಕಾರ್ಯಗಳಿಂದ ದೂರ ಇರಿಸಲ್ಪಟ್ಟ ಹೆಣ್ಣೊಬ್ಬಳು ಸಂಪಾದಕಿ, ಪ್ರಕಾಶಕಿ, ಲೇಖಕಿ ಮೂರೂ ಆಗಿ ನಿಂತದ್ದು ಕನ್ನಡ ಪತ್ರಿಕೋದ್ಯಮದ ದೊಡ್ಡ ಘಟನೆಯಾಗಿದ್ದರೂ, ಬಹುಕಾಲ ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಾಗಿಯೇ ಉಳಿಯಿತು.

ನೆರೆಯ ಪ್ರಾಂತಗಳಲ್ಲಿ ಅಸ್ಪೃಶ್ಯರೇ ನಡೆಸಿದ ಪತ್ರಿಕೆಗಳು ಇನ್ನೂ ಕಠಿಣವಾದ ದಾರಿಯನ್ನು ಸವೆಸಿದವು. ಪಂಡಿತ ಅಯೋತಿದಾಸರು 1907ರಲ್ಲಿ ಮದ್ರಾಸಿನಿಂದ ಹೊರಡಿಸಿದ ತಮಿಳನ್ ವಾರಪತ್ರಿಕೆಯ ಬೆಲೆ ಆರಂಭದಲ್ಲಿ ಒಂದು ಪೈಸೆಯಷ್ಟೇ ಆಗಿದ್ದು, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕೋಲಾರ ಚಿನ್ನದ ಗಣಿಯ ಕಾರ್ಮಿಕರಲ್ಲೂ ಅದಕ್ಕೆ ಓದುಗರಿದ್ದರು. ಡಾ. ಬಿ.ಆರ್. ಅಂಬೇಡ್ಕರ್ ಅವರು 1920ರ ಜನವರಿ 31ರಂದು ಮೂಕನಾಯಕ ಎಂಬ ಮರಾಠಿ ಪಾಕ್ಷಿಕವನ್ನು ಆರಂಭಿಸಿದಾಗ ಕೊಲ್ಹಾಪುರದ ಶಾಹು ಮಹಾರಾಜರು ಅದಕ್ಕೆ 2,500 ರೂಪಾಯಿ ನೆರವು ನೀಡಿದರು. ಆ ಪತ್ರಿಕೆಯ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ಪ್ರಕಟಿಸಲು ಕೇಸರಿ ಪತ್ರಿಕೆ ಒಪ್ಪಲಿಲ್ಲ. ಅಂಬೇಡ್ಕರ್ ಅವರು ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದ ಮೇಲೆ ಮೂಕನಾಯಕ ಹೆಚ್ಚು ಕಾಲ ಬಾಳಲಿಲ್ಲ. 1927ರ ಏಪ್ರಿಲ್ 3ರಂದು ಹೊರಟ ಬಹಿಷ್ಕೃತ ಭಾರತದ ಅಂಕಣಗಳನ್ನು ಬಹುಪಾಲು ಅವರೊಬ್ಬರೇ ಬರೆದು ತುಂಬಿಸಬೇಕಾಯಿತು, ಮತ್ತು ಹಣದ ಅಭಾವದಿಂದ ಅದೂ 1929ರಲ್ಲಿ ನಿಂತಿತು. ಅಂಬೇಡ್ಕರ್ ಅವರಂಥ ಮೇಧಾವಿಯ ಲೇಖನಿ ಇದ್ದರೂ ಪತ್ರಿಕೆ ಉಳಿಯಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅವರ ಓದುಗರಲ್ಲಿ ಹೆಚ್ಚಿನವರಿಗೆ ಅಕ್ಷರವೂ ಇರಲಿಲ್ಲ, ಚಂದಾ ಕಟ್ಟುವ ಕಾಸೂ ಇರಲಿಲ್ಲ. ಇದ್ದವರು ಆ ಪತ್ರಿಕೆಯನ್ನು ತಮ್ಮದೆಂದು ಭಾವಿಸಲಿಲ್ಲ.

ಕನ್ನಡದಲ್ಲಿ ದಲಿತರ ಪತ್ರಿಕೆಗೆ ನೆಲ ಹದವಾದದ್ದು ಮೈಸೂರಿನಲ್ಲಿಯೇ. 1973ರ ನವೆಂಬರಿನಲ್ಲಿ, ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದು ಹೇಳಿದ್ದಕ್ಕೆ ರಾಜ್ಯದಾದ್ಯಂತ ಗಲಭೆಗಳಾಗಿ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದು, ಕೊನೆಗೆ ಅವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು. ಬೂಸಾ ಪ್ರಕರಣವೆಂದು ಹೆಸರಾದ ಈ ಘಟನೆ ಹಾಸ್ಟೆಲುಗಳಲ್ಲಿದ್ದ ಮೊದಲ ತಲೆಮಾರಿನ ದಲಿತ ವಿದ್ಯಾವಂತರನ್ನು ಒಗ್ಗೂಡಿಸಿತು; ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪ ಮೊದಲಾದವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ದೇವನೂರ ಮಹಾದೇವ, ಇಂದೂಧರ ಹೊನ್ನಾಪುರ, ರಾಮದೇವ ರಾಕೆ ಮೊದಲಾದವರ ಬಳಗದ ಒತ್ತಾಸೆಯಿಂದ ಮೈಸೂರಿನಿಂದ ಹೊರಬಂದ ಪಂಚಮ ಪತ್ರಿಕೆಯು ಆ ಚಳವಳಿಯ ಮುಖವಾಣಿಯಾಯಿತು. ಹಳ್ಳಿಯ ದೌರ್ಜನ್ಯದ ಸುದ್ದಿ ನಗರದ ದಿನಪತ್ರಿಕೆಯ ಕಚೇರಿ ತಲುಪುವ ಮೊದಲೇ ಸಂಘಟನೆಯ ಕಾರ್ಯಕರ್ತರ ಕಿವಿಗೆ ಬೀಳುತ್ತಿದ್ದುದರಿಂದ, ಪಂಚಮದಂಥ ಪತ್ರಿಕೆಗೆ ಸಂಬಳದ ವರದಿಗಾರರಿಲ್ಲದಿದ್ದರೂ ಊರೂರಿನಲ್ಲಿ ಕಣ್ಣು ಕಿವಿಗಳಿದ್ದವು. ಚಳವಳಿ ಮತ್ತು ಪತ್ರಿಕೆ ಒಂದಕ್ಕೊಂದು ಆಸರೆಯಾಗಿದ್ದದ್ದೇ ಅದರ ದೊಡ್ಡ ಬಲವಾಗಿತ್ತು. ಚಳವಳಿಯಲ್ಲಿ ಬಿರುಕು ಬಿಟ್ಟಾಗ ಅದನ್ನೇ ನೆಚ್ಚಿದ ಪತ್ರಿಕೆಗಳೂ ಸೊರಗುವುದು ಅನಿವಾರ್ಯ.

ಅದೇ ದಶಕದ ಆರಂಭದಲ್ಲಿ, 1972ರಲ್ಲಿ ರಾಜಶೇಖರ ಕೋಟಿ ಅವರು ಧಾರವಾಡದಲ್ಲಿ ಆರಂಭಿಸಿದ ಆಂದೋಲನ ಪತ್ರಿಕೆ ಮುಂದೆ ಮೈಸೂರಿಗೆ ಬಂದು, ದಿನಪತ್ರಿಕೆಯಾಗಿ ಬೆಳೆದು, ಜಿಲ್ಲಾ ಮಟ್ಟದ ಪತ್ರಿಕೆಯೂ ರೈತ ಮತ್ತು ದಲಿತ ಚಳವಳಿಗಳಿಗೆ ಜಾಗ ಕೊಟ್ಟು ಬಾಳಬಲ್ಲದೆಂಬುದನ್ನು ತೋರಿಸಿತು. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆ ಜಾಹೀರಾತುಗಳನ್ನು ದೂರವಿಟ್ಟು ಮಾರಾಟದ ಹಣವನ್ನೇ ನಂಬಿ ನಡೆಯಿತು. ಅದು ಮುಟ್ಟಿದ ಇನ್ನೊಂದು ಗುರಿ ಇಲ್ಲಿ ಹೆಚ್ಚು ಮುಖ್ಯವಾದುದು: ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಕಾದಂಬರಿ ಆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಹಾಸನದ ಬಾನು ಮುಷ್ತಾಕ್ ಅದರ ವರದಿಗಾರ್ತಿಯಾಗಿ ದುಡಿದರು. ಬಾನು ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಲೋಕಕ್ಕೆಲ್ಲ ತಿಳಿದ ಆ ದನಿಗೆ, ನಾಲ್ಕು ದಶಕಗಳ ಹಿಂದೆ ಒಂದು ಕನ್ನಡ ವಾರಪತ್ರಿಕೆ ಜಿಲ್ಲಾ ಕೇಂದ್ರದಲ್ಲಿ ಅಂಕಣ ಬಿಟ್ಟುಕೊಟ್ಟಿತ್ತು. ಪ್ರಸಿದ್ಧರಿಂದ ಲೇಖನ ಬೇಡುವ ಪತ್ರಿಕೆಗಿಂತ, ಇನ್ನೂ ಬರೆಯದವರ ಕೈಗೆ ಪೆನ್ನು ಕೊಡುವ ಪತ್ರಿಕೆ ಸಾಮಾಜಿಕ ನ್ಯಾಯಕ್ಕೆ ಹೆಚ್ಚು ಹತ್ತಿರದ್ದು.

ಒಡೆತನದ ಪ್ರಶ್ನೆಗೆ ಕನ್ನಡದಲ್ಲಿ ನೇರವಾಗಿ ಉತ್ತರ ಹುಡುಕಿದ ಪ್ರಯೋಗ 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟಿ ಅವರು ಮಂಗಳೂರಿನಲ್ಲಿ ಆರಂಭಿಸಿದ ಮುಂಗಾರು ದಿನಪತ್ರಿಕೆ. ದೊಡ್ಡ ಬಂಡವಾಳಗಾರರ ಬದಲು ಓದುಗರಿಂದಲೇ ಷೇರು ಹಣ ಸಂಗ್ರಹಿಸಿ, ಹಿಂದುಳಿದ ಮತ್ತು ದಲಿತ ಸಮುದಾಯಗಳ ಯುವಕರನ್ನು ಪತ್ರಕರ್ತರನ್ನಾಗಿ ಬೆಳೆಸಿದ ಮುಂಗಾರು ಕೆಲವು ವರ್ಷ ನಡೆದು ಹಣಕಾಸಿನ ಇಕ್ಕಟ್ಟಿನಲ್ಲಿ ನಿಂತಿತಾದರೂ, ಅಲ್ಲಿ ಕೆಲಸ ಕಲಿತವರು ಮುಂದೆ ನಾಡಿನ ದೊಡ್ಡ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಪ್ರತಿದಿನ ಕಾಗದ, ಮುದ್ರಣ, ಸಾಗಣೆಗಳ ವೆಚ್ಚ ಬೇಡುವ ದಿನಪತ್ರಿಕೆಯನ್ನು ಸಣ್ಣ ಷೇರುದಾರರ ಹಣದಿಂದ ನಡೆಸುವುದು ಎಷ್ಟು ಕಷ್ಟವೋ, ಮಾಸಪತ್ರಿಕೆಯನ್ನು ಹಾಗೆ ನಡೆಸುವುದು ಅಷ್ಟು ಕಷ್ಟವಲ್ಲ. ಆದ್ದರಿಂದ ಮುಂಗಾರಿನ ಸೋಲನ್ನು ಓದುಗರ ಒಡೆತನ ಎಂಬ ವಿಚಾರದ ಸೋಲೆಂದು ಎಣಿಸುವುದು ಸರಿಯಾಗಲಾರದು.

ಈ ಅನುಭವಗಳನ್ನು ಮುಂದಿಟ್ಟುಕೊಂಡು ಇಂದು ಗಾವಡಗೆರೆಯಂಥ ಹೋಬಳಿ ಕೇಂದ್ರದಿಂದ ಪತ್ರಿಕೆ ಹೊರಡಿಸಲು ಬಯಸುವವರಿಗೆ ಕಾನೂನಿನ ಕಡೆಯಿಂದ ದೊಡ್ಡ ಅಡ್ಡಿಯಿಲ್ಲ. ಬ್ರಿಟಿಷರ ಕಾಲದ 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯಡಿ ಪ್ರಕಾಶಕರೂ ಮುದ್ರಕರೂ ಜಿಲ್ಲಾ ದಂಡಾಧಿಕಾರಿಯ ಮುಂದೆ ಘೋಷಣೆ ಸಲ್ಲಿಸಬೇಕಿತ್ತು. ಅದರ ಬದಲಿಗೆ ಬಂದ 2023ರ ನಿಯತಕಾಲಿಕಗಳ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಶೀರ್ಷಿಕೆ ಪಡೆಯುವುದು ಮತ್ತು ನೋಂದಣಿ ಎರಡನ್ನೂ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಮುಗಿಸಬಹುದಾಗಿದೆ. ಬೇರೊಂದು ಪತ್ರಿಕೆಯ ಹೆಸರನ್ನು ಹೋಲುವ ಶೀರ್ಷಿಕೆ ಸಿಗುವುದಿಲ್ಲವಾದ್ದರಿಂದ ಮೂರು ನಾಲ್ಕು ಹೆಸರುಗಳನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಸಂಚಿಕೆಯಲ್ಲೂ ಸಂಪಾದಕರು, ಪ್ರಕಾಶಕರು, ಮುದ್ರಕರು ಯಾರು, ಎಲ್ಲಿ ಅಚ್ಚಾಯಿತು, ಎಲ್ಲಿಂದ ಪ್ರಕಟವಾಯಿತು ಎಂಬ ಸಾಲು ಇರಲೇಬೇಕು. ಬೆದರಿಕೆ ಬಂದಾಗ, ಮಾನನಷ್ಟದ ಮೊಕದ್ದಮೆ ಹೂಡಿದಾಗ ಉತ್ತರ ಕೊಡಬೇಕಾದವರು ಆ ಸಾಲಿನಲ್ಲಿ ಹೆಸರಿರುವವರು. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ಬಹಳ ಕಡಿಮೆ ದರದ ರಿಯಾಯಿತಿ ಕೊಡುತ್ತದೆ, ಆದರೆ ಅದಕ್ಕೆ ನಿಜವಾದ ಚಂದಾದಾರರ ಪಟ್ಟಿಯೂ ತಪ್ಪದ ಪ್ರಕಟಣೆಯೂ ಬೇಕು.

ನಿಜವಾದ ಕಷ್ಟ ಸುದ್ದಿಯಲ್ಲಿದೆ. ಹೋಬಳಿಯ ಸುದ್ದಿ ಜಿಲ್ಲಾ ಪುಟದಲ್ಲಿ ಬರುವುದು ಜಾತ್ರೆಗೋ ಅಪಘಾತಕ್ಕೋ ಜನಪ್ರತಿನಿಧಿಯ ಗುದ್ದಲಿಪೂಜೆಗೋ. ಅದರಾಚೆಗೆ ಬರೆಯಬೇಕಾದದ್ದು ಈ ಸೀಮೆಯಲ್ಲಿ ಹೇರಳವಾಗಿದೆ. ಅರಸು ಸರ್ಕಾರವೇ 1978ರಲ್ಲಿ ತಂದ ಕಾಯಿದೆಯೊಂದು, ಪಿಟಿಸಿಎಲ್ ಎಂದು ಜನರ ಬಾಯಲ್ಲಿರುವುದು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ ಅದನ್ನು ರದ್ದುಗೊಳಿಸಿ ಮೂಲ ಮಂಜೂರಾತಿದಾರರಿಗೆ ಮರಳಿಸುವ ಅಧಿಕಾರವನ್ನು ಉಪವಿಭಾಗಾಧಿಕಾರಿಗೆ ಕೊಡುತ್ತದೆ. ಅಂದರೆ ಉಪವಿಭಾಗದ ಎಲ್ಲ ತಾಲ್ಲೂಕುಗಳ ಇಂಥ ಪ್ರಕರಣಗಳು ಹುಣಸೂರಿನ ಒಂದೇ ಕಚೇರಿಗೆ ಬರುತ್ತವೆ. ತಿಂಗಳಿಗೊಮ್ಮೆ ಎಷ್ಟು ಪ್ರಕರಣ ವಿಚಾರಣೆಗೆ ಬಂದವು, ಎಷ್ಟು ಮುಂದಕ್ಕೆ ಹೋದವು, ಜಮೀನು ಮರಳಿಸಲು ಆದೇಶವಾದ ಮೇಲೆ ಸ್ವಾಧೀನ ನಿಜವಾಗಿ ಸಿಕ್ಕಿತೇ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯಿಂದ ಪಡೆದು ಅಚ್ಚು ಹಾಕುವ ಪತ್ರಿಕೆಯೊಂದು ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡೀತು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ಮಾಸಪತ್ರಿಕೆಯ ಲಯಕ್ಕೆ ಇದು ಸರಿಯಾಗಿ ಹೊಂದುತ್ತದೆ.

ದೌರ್ಜನ್ಯದ ಪ್ರಕರಣಗಳಲ್ಲೂ ಘಟನೆಯ ಮರುದಿನದ ಸುದ್ದಿಯನ್ನು ಎಲ್ಲರೂ ಬರೆಯುತ್ತಾರೆ, ಆರು ತಿಂಗಳ ನಂತರದ ಸುದ್ದಿಯನ್ನು ಬರೆಯುವವರು ಅಪರೂಪ. 1989ರ ದೌರ್ಜನ್ಯ ತಡೆ ಕಾಯಿದೆಯ ನಿಯಮಗಳಂತೆ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ನಡೆಸಬೇಕು, ಸಂತ್ರಸ್ತರಿಗೆ ಹಂತ ಹಂತವಾಗಿ ಪರಿಹಾರ ಸಿಗಬೇಕು, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಸಭೆ ಸೇರಿತೇ, ಪರಿಹಾರ ತಲುಪಿತೇ, ಊರಿನ ಹೋಟೆಲು ಮತ್ತು ಕ್ಷೌರದಂಗಡಿಗಳಲ್ಲಿ ಪರಿಸ್ಥಿತಿ ಬದಲಾಯಿತೇ ಎಂದು ಬೆನ್ನು ಹತ್ತುವುದು ಪತ್ರಿಕೆಯ ಕರ್ತವ್ಯ. ಇದರ ಜೊತೆಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮತ್ತು ಮಕ್ಕಳ ಗುರುತನ್ನು ಬಹಿರಂಗಪಡಿಸುವುದು ಅಪರಾಧವೆಂಬುದನ್ನು ಪ್ರತಿ ಬರಹಗಾರನೂ ಮೊದಲ ದಿನವೇ ಕಲಿಯಬೇಕು. ನೊಂದವರ ಪರವಾಗಿ ಬರೆಯುವ ಉತ್ಸಾಹದಲ್ಲಿ ಅವರ ಊರು, ತಂದೆಯ ಹೆಸರು, ಮನೆಯ ಚಿತ್ರ ಪ್ರಕಟಿಸಿ ಅವರನ್ನೇ ಮತ್ತೊಮ್ಮೆ ನೋಯಿಸುವುದು ಅಕ್ಷಮ್ಯ.

ಕಾಡಂಚಿನ ಸಂಗತಿ ಇನ್ನೂ ಆಳವಾದುದು. ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಆದಿವಾಸಿಗಳ ವಿಚಾರವಾಗಿ ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರಲ್ಲಿ ವರದಿ ನೀಡಿ, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೇಳಿತು. ಅಂಕಿ ಅಂಶವಾಗಿ ಮಾತ್ರ ಉಳಿದ ಆ ಕುಟುಂಬಗಳ ಹಿರಿಯರಿಗೆ ತಾವು ಬಿಟ್ಟುಬಂದ ಹಾಡಿ, ದೇವರ ಗುಡಿ, ಸಮಾಧಿ, ಜೇನು ಕಟ್ಟುವ ಮರಗಳ ನೆನಪು ಖಚಿತವಾಗಿದೆ. 2006ರ ಅರಣ್ಯ ಹಕ್ಕು ಕಾಯಿದೆ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪುವುದರಿಂದ, ಅವರ ಮಾತನ್ನು ಅವರ ನುಡಿಯಲ್ಲೇ ದಾಖಲಿಸುವ ಪತ್ರಿಕೆಯ ಪುಟಗಳು ಇತಿಹಾಸವೂ ಆಗುತ್ತವೆ, ಹಕ್ಕಿನ ಹೋರಾಟಕ್ಕೆ ಒತ್ತಾಸೆಯೂ ಆಗುತ್ತವೆ. ಈ ಕೆಲಸವನ್ನು ಮೈಸೂರಿನಿಂದ ಒಂದು ದಿನ ಜೀಪಿನಲ್ಲಿ ಬಂದು ಹೋಗುವವರು ಮಾಡಲಾರರು, ಹಾಡಿಯಲ್ಲಿ ಹುಟ್ಟಿ ಪಿಯುಸಿಯವರೆಗೆ ಓದಿದ ಹುಡುಗಿಯೊಬ್ಬಳು ಮಾಡಬಲ್ಲಳು. ಅವಳ ವಾಕ್ಯಗಳನ್ನು ಸಂಪಾದಕರು ತಿದ್ದುವಾಗ ಕಾಗುಣಿತವನ್ನು ಸರಿಪಡಿಸಿದರೆ ಸಾಕು, ನುಡಿಗಟ್ಟನ್ನು ಬದಲಿಸಬಾರದು. ದೇವನೂರ ಮಹಾದೇವ ಅವರ ಕುಸುಮಬಾಲೆ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಹೊರಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೇಲೂ, ಆಡುಮಾತು ಅಚ್ಚಿಗೆ ಯೋಗ್ಯವಲ್ಲ ಎನ್ನುವ ಹಿಂಜರಿಕೆ ಉಳಿದಿರುವುದಕ್ಕೆ ಅರ್ಥವಿಲ್ಲ.

ಹೊಗೆಸೊಪ್ಪಿನ ಬದುಕಿನಲ್ಲೂ ಸುದ್ದಿಯಾಗದೆ ಉಳಿಯುವುದು ಬಹಳವಿದೆ. ಹರಾಜು ಮಾರುಕಟ್ಟೆಯಲ್ಲಿ ಕಿಲೋಗೆ ಎಷ್ಟು ಬೆಲೆ ಬಂತು ಎಂಬುದು ಸುದ್ದಿಯಾಗುತ್ತದೆ, ಬೆಳೆಗಾರನ ಸಂಕಟಕ್ಕೆ ಅದು ಅಗತ್ಯವೂ ಹೌದು. ಆದರೆ ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಅದನ್ನು ಹದಮಾಡುವ ಬ್ಯಾರನ್ನಿಗೆ ಏರಿಸುವ ಕೂಲಿ ಹೆಂಗಸರ ದಿನಗೂಲಿ ಎಷ್ಟು, ಹಸಿ ಸೊಪ್ಪಿನ ರಸ ಕೈಗೆ ಅಂಟಿ ಬರುವ ತಲೆಸುತ್ತು ವಾಂತಿಗೆ ಯಾರು ಔಷಧಿ ಕೊಡಿಸುತ್ತಾರೆ, ಗಂಡಾಳಿಗೂ ಹೆಣ್ಣಾಳಿಗೂ ಕೂಲಿಯಲ್ಲಿ ಅಂತರವೇಕೆ ಎಂಬುದು ಸುದ್ದಿಯಾಗುವುದಿಲ್ಲ.

ಇಷ್ಟನ್ನೂ ನಡೆಸುವ ಹಣದ ಲೆಕ್ಕ ಸರಳವಾಗಿರಬೇಕು. ಒಬ್ಬನೇ ದಾನಿಯ ಕೈಯಲ್ಲಿರುವ ಪತ್ರಿಕೆ ಆ ದಾನಿಯ ವಿರುದ್ಧ ಬರೆಯಲಾರದು, ಚುನಾವಣೆಗೆ ನಿಲ್ಲುವವರ ಶುಭಾಶಯ ಜಾಹೀರಾತುಗಳಿಂದ ತುಂಬಿದ ಪತ್ರಿಕೆ ಗ್ರಾಮ ಪಂಚಾಯಿತಿಯ ಅಕ್ರಮವನ್ನು ಬಯಲಿಗೆಳೆಯಲಾರದು. ಹಲವು ಜಾತಿಗಳ ಸದಸ್ಯರಿರುವ, ಹೆಣ್ಣುಮಕ್ಕಳೂ ಪದಾಧಿಕಾರಿಗಳಾಗಿರುವ ಒಂದು ಸಹಕಾರ ಸಂಘ ಇಲ್ಲವೇ ಟ್ರಸ್ಟ್ ಒಡೆತನ ಹೊತ್ತು, ಜಮಾಖರ್ಚನ್ನು ವರ್ಷಕ್ಕೊಮ್ಮೆ ಪತ್ರಿಕೆಯಲ್ಲೇ ಪ್ರಕಟಿಸಿ, ಮೊದಲ ಸಂಚಿಕೆಯ ಬಿಡುಗಡೆ ಸಮಾರಂಭಕ್ಕೆ ಸುರಿಯುವ ಹಣವನ್ನು ಹನ್ನೆರಡನೆಯ ಸಂಚಿಕೆಯ ಕಾಗದಕ್ಕೆ ಉಳಿಸಿಕೊಂಡರೆ ಪತ್ರಿಕೆ ಮೊದಲ ವರ್ಷವನ್ನು ದಾಟೀತು. ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಹಾಲಿನ ಡೇರಿಯ ಕಾರ್ಯದರ್ಶಿಗಳು, ಮೀಸಲಾತಿಯಿಂದ ನೌಕರಿ ಪಡೆದು ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿದ ಈ ಸೀಮೆಯ ಮಕ್ಕಳು ಇದರ ಸಹಜ ಚಂದಾದಾರರು. ಕನ್ನಡದ ಸಣ್ಣ ಪತ್ರಿಕೆಗಳ ಪಾಲಿಗೆ ಗೌರವ ಪ್ರತಿ ಕೇಳುವ ಹಿತೈಷಿಗಳೇ ದೊಡ್ಡ ಹೊರೆಯಾಗಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಇಂಥ ಪತ್ರಿಕೆಯೊಂದು ಹುಟ್ಟಿ, ಅದರ ಹುಡುಗ ಹುಡುಗಿಯರು ರಸೀದಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದಾಗ, ಓದುಗರು ಗೌರವ ಪ್ರತಿ ಕೇಳದೆ ಒಂದು ವರ್ಷದ ಚಂದಾವನ್ನು ಮುಂಗಡವಾಗಿ ಕಟ್ಟಿ, ತಮ್ಮೂರಿನ ಒಂದು ಸುದ್ದಿಯನ್ನೂ ಬರೆದು ಕೊಡಬೇಕು.